ಬಾಯಿಗೆ ಒಗ್ಗುವ ಹಲ್ಲು

‘ಒಗ್ಗುವುದು’ ಎಂಬ ಮಾತಿಗೆ ನಮ್ಮ ಮನೆಗಳಲ್ಲಿ ಇರುವಷ್ಟು ಅಧಿಕಾರ ಮತ್ತಾವ ಮಾತಿಗೂ ಇರಲಾರದು. ಘಟ್ಟದ ಮೇಲಿನಿಂದ ಬಂದ ಸೊಸೆಗೆ ಕರಾವಳಿಯ ಹವೆ ಒಗ್ಗಲಿಲ್ಲವೆನ್ನುವರು. ಊರು ಬಿಟ್ಟು ಮುಂಬಯಿಗೆ ಹೋದ ಮಗನಿಗೆ ಅಲ್ಲಿಯ ನೀರು ಒಗ್ಗಲಿಲ್ಲವೆನ್ನುವರು. ಒಬ್ಬರಿಗೆ ಬದನೆಕಾಯಿ ಒಗ್ಗದು, ಇನ್ನೊಬ್ಬರಿಗೆ ಸಿಗಡಿ ಒಗ್ಗದು. ಒಮ್ಮೆ ಹೀಗೆಂದು ತೀರ್ಪಾಯಿತೆಂದರೆ ಅದಕ್ಕೆ ಮೇಲ್ಮನವಿಯೆಂಬುದಿಲ್ಲ. ಕಟ್ಟಿಸಿದ ಹಲ್ಲಿನ ವಿಷಯದಲ್ಲಿಯೂ ಇದೇ ನ್ಯಾಯ ನಡೆದುಬಂದಿದೆ. ಹೊನ್ನಾವರದಿಂದ ಭಟ್ಕಳದ ಕಡೆಗೆ ಹೋಗುವವರಿಗೆ ಮುರ್ಡೇಶ್ವರಕ್ಕಿಂತ ಮೊದಲೇ ಸಿಗುವ ಮಂಕಿ ನಮ್ಮ ಊರು. ಇಲ್ಲಿ ನಾನು ಬಲ್ಲ ನಾಲ್ಕಾರು ಮನೆಗಳಲ್ಲಿ, ಸಾವಿರಾರು ರೂಪಾಯಿ ತೆತ್ತು ಮಾಡಿಸಿದ ಹಲ್ಲಿನ ಸೆಟ್ಟು ಕಪಾಟಿನೊಳಗೆ ಡಬ್ಬಿಯಲ್ಲಿ ನಿದ್ರಿಸುತ್ತಿದೆ; ಅದರ ಯಜಮಾನರು ಬೋಳು ವಸಡಿನಿಂದ ಗಂಜಿಯುಣ್ಣುತ್ತಿದ್ದಾರೆ. ಏಕೆಂದು ಕೇಳಿದರೆ ಉತ್ತರ ಒಂದೇ: “ಒಗ್ಗಲಿಲ್ಲ.” ಆದರೆ ಒಗ್ಗದೆ ಹೋದುದು ಯಾವುದು? ಹಲ್ಲಿನ ಅಳತೆಯೆ, ಅದರ ವಸ್ತುವೆ, ವಸ್ತುವಿನೊಳಗೆ ಬಲಕ್ಕೆಂದು ಸೇರಿಸಿದ ಮತ್ತೊಂದು ವಸ್ತುವೆ, ಇಲ್ಲವೆ ಅದನ್ನು ನಾವು ಇಟ್ಟುಕೊಂಡ ರೀತಿಯೆ? ಈ ಪ್ರಶ್ನೆಯನ್ನು ಕೇಳುವವರು ವಿರಳ.

ನಮ್ಮ ಮನೆಯಲ್ಲಿ ಅದನ್ನು ಕೇಳಲೇಬೇಕಾಗಿ ಬಂದುದು ಅತ್ತೆಯವರ ನಿಮಿತ್ತ. ಅವರಿಗೆ 74 ವರ್ಷ. ಹತ್ತು ವರ್ಷಗಳ ಹಿಂದೆ ಹಲ್ಲೆಲ್ಲ ಹೋದ ಮೇಲೆ ಮೇಲಿನ ಮತ್ತು ಕೆಳಗಿನ ಎರಡೂ ಪಂಕ್ತಿಗಳನ್ನು ಕಟ್ಟಿಸಿದ್ದಾಯಿತು. ಮೊದಲ ಎರಡು ತಿಂಗಳು ಮಾತು ತೊದಲಿದುದು, ಅಲ್ಲಲ್ಲಿ ಒತ್ತಿ ನೋವಾದುದು ಎಲ್ಲರಿಗೂ ಆಗುವಂತೆ ಆಯಿತು; ಆಮೇಲೆ ಅವರು ಹಲಸಿನ ಹಪ್ಪಳವನ್ನೂ ಬಿಡದೆ ತಿಂದುಕೊಂಡು ಸುಖವಾಗಿಯೇ ಇದ್ದರು. ಏಳನೆಯ ವರ್ಷ ಮೇಲಿನ ಪಂಕ್ತಿ ಬಚ್ಚಲಿನ ಕಲ್ಲಿನ ಮೇಲೆ ಬಿದ್ದು ಬಿರುಕುಬಿಟ್ಟಿತು. ಅಂಟು ಹಾಕಿಸಿದೆವು. ಮರುವರ್ಷ ಊಟದ ನಡುವೆಯೇ, ಕಲ್ಲು ಕಡಿದುದೂ ಇಲ್ಲ, ಬಿದ್ದುದೂ ಇಲ್ಲ, ಮೆತ್ತಗಿನ ಅನ್ನವನ್ನು ಅಗಿಯುತ್ತಿರುವಾಗಲೇ ನಟ್ಟನಡುವೆ ಎರಡು ಹೋಳಾಯಿತು.

ಮೇಲಿನ ಪಂಕ್ತಿ ಹೀಗೆ ನಡುವೆಯೇ ಒಡೆಯುವುದಕ್ಕೆ ಒಂದು ಕಾರಣವುಂಟು. ಹಲ್ಲು ಹೋದ ಮೇಲೆ ದವಡೆಯ ಎಲುಬು ವರ್ಷವರ್ಷಕ್ಕೂ ಕರಗಿ ತಗ್ಗಾಗುತ್ತ ಹೋಗುವುದು. ಅಂಗುಳಿನ ನಡುವಿನ ಗಟ್ಟಿ ಭಾಗವಾದರೋ ಅಷ್ಟಾಗಿ ಕರಗದು. ಹಳ್ಳಕ್ಕೆ ಹಾಕಿದ ಸಂಕದ ಎರಡು ತುದಿಗಳೂ ಕುಸಿದು, ನಡುವೆ ಮಾತ್ರ ಒಂದು ಬಂಡೆ ಎದ್ದು ನಿಂತರೆ ಹೇಗೋ ಹಾಗೆ. ಪ್ರತಿಯೊಂದು ತುತ್ತಿಗೂ ಪಂಕ್ತಿಯ ಎರಡು ಪಕ್ಕಗಳು ಕೂದಲೆಳೆಯಷ್ಟು ಬಾಗುವುವು. ದಿನಕ್ಕೆ ನೂರಾರು ಸಲ, ವರ್ಷಗಟ್ಟಲೆ ಬಾಗಿದ ವಸ್ತು ಒಂದು ದಿನ ಮೆತ್ತನೆಯ ಅನ್ನಕ್ಕೂ ಸೋಲುವುದು. ಆದುದರಿಂದಲೇ ಅದಕ್ಕೆ ಬಲ ಕೊಡುವ ಉಪಾಯಗಳು ಹುಟ್ಟಿಕೊಂಡುವು.

ಎರಡನೆಯ ಸಲ ಪೇಟೆಯಲ್ಲಿ ಹಲ್ಲು ಕಟ್ಟುವವರೊಬ್ಬರು ಒಂದು ಗಂಟೆಯೊಳಗಾಗಿ ಕೆಲಸ ಮುಗಿಸಿಕೊಟ್ಟರು. “ಒಳಗೆ ಗಾಜಿನ ನಾರಿನ ಬಲೆ ಹಾಕಿದ್ದೇನೆ, ಇನ್ನು ಒಡೆಯುವುದಿಲ್ಲ” ಎಂದರು. ಒಡೆಯಲಿಲ್ಲ, ನಿಜ. ಆದರೆ ಹದಿನೈದು ದಿನಗಳೊಳಗಾಗಿ ಅತ್ತೆಯವರ ಅಂಗುಳು ಕೆಂಡದಂತೆ ಕೆಂಪಾಯಿತು. ಹುಳಿ ಖಾರ ಮುಟ್ಟಿದರೆ ಉರಿ. ಮೊದಲು ಅಪ್ಪೆಹುಳಿಯನ್ನು ಬಿಟ್ಟರು, ಆಮೇಲೆ ಪಲ್ಯ, ಆಮೇಲೆ ನಮ್ಮೊಡನೆ ಊಟಕ್ಕೆ ಕುಳಿತುಕೊಳ್ಳುವುದನ್ನೇ ಬಿಟ್ಟರು. “ತಂಗೀ, ನೀವೆಲ್ಲ ಉಣ್ಣಿ. ನನಗೆ ಹಸಿವೆಯಿಲ್ಲ” ಎನ್ನುವರು, ಎಲ್ಲರೂ ಎದ್ದು ಹೋದ ಮೇಲೆ ಅಡಿಗೆಮನೆಯ ಮೂಲೆಯಲ್ಲಿ ಗಂಜಿಗೆ ಹಾಲು ಬೆರೆಸಿ ಕುಡಿಯುವರು. ಮೂರು ತಿಂಗಳಲ್ಲಿ ಅವರ ಬಳೆಗಳು ಮೊಣಕೈಯವರೆಗೆ ಜಾರುವಂತಾದುವು. ನಂಟರಲ್ಲಿ ಅಭಿಪ್ರಾಯಕ್ಕೆ ಬರವೆ? “ಗಾಜನ್ನು ಬಾಯಿಗೆ ಹಾಕಿದರೆ ಹುಣ್ಣಾಗದೆ ಇನ್ನೇನಾದೀತು!” ಎಂದು ಒಬ್ಬರು, “ಗಾಜು ಬೇಡ, ಲೋಹದ ತಗಡು ಹಾಕಿಸಿ, ಏನೂ ಆಗುವುದಿಲ್ಲ” ಎಂದು ಇನ್ನೊಬ್ಬರು. ಗಾಜು ಅಪರಾಧಿಯೆಂದೂ ಲೋಹ ಸಾಧುವೆಂದೂ ಮನೆಯೊಳಗೆ ಇತ್ಯರ್ಥವೇ ಆಗಿಹೋಗಿತ್ತು.

ಇಲ್ಲಿ ಆ ವಸ್ತುಗಳ ಕುಲಗೋತ್ರವನ್ನು ಸ್ವಲ್ಪ ವಿಚಾರಿಸುವುದು ಅಗತ್ಯ. ಹಲ್ಲಿಲ್ಲದ ಬಾಯಿಗೆ ಹಲ್ಲು ಕಟ್ಟುವ ವಿದ್ಯೆ ಹೊಸತಲ್ಲ. ಜಪಾನಿನಲ್ಲಿ 16ನೆಯ ಶತಮಾನದಷ್ಟು ಹಿಂದೆಯೇ ಮರದಲ್ಲಿ ಕೆತ್ತಿದ ಪೂರ್ಣ ಪಂಕ್ತಿಗಳಿದ್ದುವು. ಯುರೋಪಿನಲ್ಲಿ ನೀರಾನೆಯ ದಂತವನ್ನು ಕೊರೆದು ಮಾಡುತ್ತಿದ್ದರು. 1850ರ ದಶಕದಿಂದ ಗಂಧಕ ಬೆರೆಸಿ ಬೇಯಿಸಿದ ಗಟ್ಟಿ ರಬ್ಬರು ಬಂದಿತು. ಅದು ಅಗ್ಗವಾದುದರಿಂದ ಸಾಮಾನ್ಯ ಜನರಿಗೂ ಹಲ್ಲಿನ ಭಾಗ್ಯ ದೊರೆಯಿತು. ಬಣ್ಣ ಮಾತ್ರ ವಿಕಾರ. 1937ರಲ್ಲಿ ಅಕ್ರಿಲಿಕ್ ಎಂಬ ರಾಳದಂಥ ಕೃತಕ ವಸ್ತು ಈ ಕೆಲಸಕ್ಕೆ ಬಂದಿತು. ವಸಡಿನ ಬಣ್ಣವನ್ನೇ ತಾಳಬಲ್ಲ ಈ ವಸ್ತು ಹತ್ತು ವರ್ಷಗಳೊಳಗಾಗಿ ರಬ್ಬರನ್ನು ಬಹುಮಟ್ಟಿಗೆ ಹೊರದೂಡಿತು. ಇಂದಿಗೂ ಹೆಚ್ಚಿನ ಪಂಕ್ತಿಗಳು ಅದರವೇ. ನಮ್ಮ ಕರಾವಳಿಯಲ್ಲಿ ಮಣಿಪಾಲದ ದಂತವೈದ್ಯ ವಿದ್ಯಾಲಯ 1965ರಲ್ಲಿ ಆರಂಭವಾಯಿತು. ಬಡ ವೃದ್ಧರಿಗೆ ಉಚಿತವಾಗಿ ಹಲ್ಲು ಕಟ್ಟಿಸಿಕೊಡುವ ದಂತಭಾಗ್ಯ ಯೋಜನೆಯನ್ನು ರಾಜ್ಯ ಸರಕಾರವು 2014ರ ಸುಮಾರಿಗೆ ಹೂಡಿತು. ಒಂದು ಕಾಲದಲ್ಲಿ ಶ್ರೀಮಂತರ ಸೊತ್ತಾಗಿದ್ದುದು ಹೀಗೆ ಬಡವರ ಮನೆಗೂ ಬಂದಿತು.

ಈ ಅಕ್ರಿಲಿಕ್ಕಿನ ಒಂದು ಕಥೆ ನನಗೆ ಬಹಳ ಪ್ರಿಯವಾದುದು. ಎರಡನೆಯ ಮಹಾಯುದ್ಧದಲ್ಲಿ ವಿಮಾನದ ಗಾಜಿನಂಥ ಮುಚ್ಚಳಗಳನ್ನು ಇದರಿಂದಲೇ ಮಾಡುತ್ತಿದ್ದರು. ಗುಂಡು ತಗುಲಿ ಮುಚ್ಚಳ ಒಡೆದಾಗ ಅದರ ಚೂರುಗಳು ವೈಮಾನಿಕರ ಕಣ್ಣಿಗೆ ನಾಟುವುವು. ಆ ಚೂರುಗಳು ವರ್ಷಗಟ್ಟಲೆ ಒಳಗಿದ್ದರೂ ಕಣ್ಣು ಕೆರಳದೆ ಸುಮ್ಮನಿರುವುದನ್ನು ಹೆರಾಲ್ಡ್ ರಿಡ್ಲಿ ಎಂಬ ಲಂಡನ್ನಿನ ನೇತ್ರವೈದ್ಯನು ಕಂಡನು. ಕಣ್ಣು ಇದನ್ನು ಸಹಿಸುವುದಾದರೆ ಇದರಿಂದಲೇ ಕಣ್ಣಿನ ಮಸೂರವನ್ನು ಏಕೆ ಮಾಡಬಾರದು? 1949ರಲ್ಲಿ ಅವನು ಮೊತ್ತಮೊದಲನೆಯ ಕೃತಕ ಮಸೂರವನ್ನು ಕಣ್ಣಿನೊಳಗೆ ಇರಿಸಿದನು. ನಮ್ಮ ಅತ್ತೆಯವರಿಗೂ ಪೊರೆ ತೆಗೆದು ಮಸೂರ ಹಾಕಿದ್ದಾರೆ. ಅದೂ ಅಕ್ರಿಲಿಕ್ ಕುಲದ್ದೇ. ಕಣ್ಣಿನಂಥ ಕೋಮಲ ಅಂಗವು ಒಪ್ಪಿಕೊಂಡುದನ್ನು ಬೆಂಡೆಯ ಮೇಲೋಗರಕ್ಕೂ ಮೆಣಸಿನ ಗೊಜ್ಜಿಗೂ ಜಗ್ಗದ ಬಾಯಿ ಏಕೆ ಒಪ್ಪಲಾರದು?

ಉತ್ತರವು ವಸ್ತುವಿನ ಹೆಸರಿನಲ್ಲಿಲ್ಲ, ಅದನ್ನು ಬೇಯಿಸಿದ ಹದದಲ್ಲಿದೆ. ಅಕ್ರಿಲಿಕ್ಕಿನ ಪಂಕ್ತಿಯನ್ನು ಮಾಡುವಾಗ ಒಂದು ಪುಡಿಯನ್ನೂ ಒಂದು ದ್ರವವನ್ನೂ ಕಲಸಿ ಕಣಕದಂತೆ ಮಾಡಿಕೊಂಡು ಅಚ್ಚಿನೊಳಗೆ ತುಂಬುವರು. ಆ ದ್ರವದ ಹೆಸರು ಮೊನೊಮರ್. ಘಾಟು ವಾಸನೆಯದು, ಜೀವಕೋಶಗಳಿಗೆ ಅಹಿತವಾದುದು. ಶಾಖ ತಗುಲಿದಾಗ ಅದರ ಕಣಗಳು ಒಂದಕ್ಕೊಂದು ಕೈಹಿಡಿದು ಸರಪಳಿಯಾಗಿ ಗಟ್ಟಿಯಾಗುವುವು. ಹಾಗೆ ಸರಪಳಿಗೆ ಸೇರಿದುದು ಮತ್ತೆ ಯಾರಿಗೂ ಕೇಡು ಮಾಡದು. ಅವಸರ ಮಾಡಿದರೆ ಕೆಲವು ಕಣಗಳು ಬಿಡಿಬಿಡಿಯಾಗಿಯೇ ಒಳಗೆ ಉಳಿದು, ಆಮೇಲೆ ಮೆಲ್ಲಮೆಲ್ಲನೆ ಉಗುಳಿಗೆ ಇಳಿಯುವುವು. ಆದುದರಿಂದ ಅಚ್ಚನ್ನು ಸುಮಾರು 74 ಡಿಗ್ರಿ ಶಾಖದ ನೀರಿನಲ್ಲಿ ಎಂಟು ಗಂಟೆಗಳ ಕಾಲ ಇಡುವ ಪದ್ಧತಿಯುಂಟು. ಒಮ್ಮೆಗೇ ಕುದಿಸಿದರೆ, ಮೊನೊಮರ್ ಕೂಡ 100 ಡಿಗ್ರಿಯ ಹತ್ತಿರವೇ ಕುದಿಯುವುದಾದ ಕಾರಣ, ಒಳಗೆ ಗುಳ್ಳೆಗಳೆದ್ದು ಪಂಕ್ತಿಯು ಇಡ್ಲಿಯಂತೆ ತೂತುತೂತಾಗುವುದು. ಶಾಖವಿಲ್ಲದೆ ಔಷಧಬಲದಿಂದಲೇ ನಿಮಿಷಗಳಲ್ಲಿ ಗಟ್ಟಿಯಾಗುವ ಬಗೆಯೂ ಒಂದಿದೆ. ಪೇಟೆಯ ಅವಸರದ ರಿಪೇರಿಗೆ ಬಳಕೆಯಾಗುವುದು ಹೆಚ್ಚಾಗಿ ಅದು. ಅದರಲ್ಲಿ ಉಳಿಯುವ ಮೊನೊಮರ್ ಜಾಸ್ತಿ. ಅಂತರರಾಷ್ಟ್ರೀಯ ಮಾನಕವು ಶಾಖದಿಂದ ಬೆಂದುದರಲ್ಲಿ ತೂಕದ 2.2 ಪಾಲಿಗಿಂತ ಹೆಚ್ಚು, ತಾನಾಗಿ ಗಟ್ಟಿಯಾಗುವುದರಲ್ಲಿ 4.5 ಪಾಲಿಗಿಂತ ಹೆಚ್ಚು ಉಳಿಯಕೂಡದೆಂದು ನೂರಕ್ಕೆ ಇಷ್ಟೆಂಬ ಲೆಕ್ಕದಲ್ಲಿ ಮೇರೆ ಹಾಕಿದೆ. ಅಂದರೆ ಎರಡನೆಯದಕ್ಕೆ ಇಮ್ಮಡಿ ಸಲಿಗೆ.

ನಮ್ಮ ಗೃಹಿಣಿಯರಿಗೆ ಇದು ಹೊಸ ವಿಷಯವೇನಲ್ಲ. ಹಿತ್ತಾಳೆಯ ಪಾತ್ರೆ ಒಳ್ಳೆಯದೋ ಕೆಟ್ಟದೋ ಎಂದು ನಮ್ಮ ಅಜ್ಜಿಯಂದಿರು ಚರ್ಚಿಸುತ್ತ ಕುಳಿತವರಲ್ಲ. ಕಲಾಯಿ ಇದೆಯೋ ಇಲ್ಲವೋ ಎಂದು ಮಾತ್ರ ನೋಡುವರು. ಕಲಾಯಿ ಹೋದ ಪಾತ್ರೆಯಲ್ಲಿ ಹುಣಿಸೆಯ ಸಾರು ಕಿಲುಬುವುದು. ಕಲಾಯಿ ಇದ್ದರೆ ಅದೇ ಪಾತ್ರೆಯಲ್ಲಿ ಮದುವೆಯ ಅಡಿಗೆಯೇ ಆಗುವುದು. ಪಾತ್ರೆಯಿಂದ ಸಾರಿಗೆ ಏನು ಇಳಿಯುತ್ತದೆ ಎಂಬುದೇ ಅಲ್ಲಿಯ ಪ್ರಶ್ನೆ. ಹಲ್ಲಿನ ಪಂಕ್ತಿಯ ವಿಷಯದಲ್ಲಿಯೂ ವಿಜ್ಞಾನಿಗಳು ಕೇಳುವುದು ಇದನ್ನೇ. ಅವರು ಪಂಕ್ತಿಯ ವಸ್ತುವನ್ನು ದ್ರವದಲ್ಲಿ ನೆನೆಸಿ, ಆ ದ್ರವವನ್ನು ಪ್ರಯೋಗಶಾಲೆಯಲ್ಲಿ ಬೆಳೆಸಿದ ಜೀವಕೋಶಗಳಿಗೆ ಉಣಿಸುವರು. ಬಳಿಕ ಒಂದು ಹಳದಿ ಬಣ್ಣವನ್ನು ಹಾಕಿ ನೋಡುವರು; ಬದುಕಿರುವ ಕೋಶಗಳು ಅದನ್ನು ನೇರಳೆಗೆ ತಿರುಗಿಸುವುವು, ಸತ್ತವು ತಿರುಗಿಸಲಾರವು. ನೂರರಲ್ಲಿ ಮೂವತ್ತಕ್ಕಿಂತ ಹೆಚ್ಚು ಚೈತನ್ಯ ಕುಂದಿದರೆ ಆ ವಸ್ತುವು ವಿಷಪ್ರಾಯವೆಂದು ತೀರ್ಮಾನ. ಹೊಸ ಪಂಕ್ತಿಯನ್ನು ಬಾಯಿಗೆ ಹಾಕುವ ಮೊದಲು ಒಂದು ದಿನವಾದರೂ ನೀರಿನಲ್ಲಿ ಮುಳುಗಿಸಿಡಬೇಕೆಂದು ವೈದ್ಯರು ಹೇಳುವುದು ಇದಕ್ಕಾಗಿಯೇ. ಉಳಿದ ಮೊನೊಮರಿನ ಬಹುಭಾಗ ಮೊದಲ ಕೆಲವು ದಿನಗಳಲ್ಲಿಯೇ ಇಳಿದುಹೋಗುವುದು. ಅದು ಇಳಿಯುವುದಾದರೆ ಬಟ್ಟಲಿನ ನೀರಿಗೆ ಇಳಿಯಲಿ.

ಇನ್ನು ಬಲ ಕೊಡುವ ಪದಾರ್ಥಗಳು. ಹಿಂದೆ ಒಳಗೆ ಒಂದು ತಂತಿಯನ್ನು ಹುದುಗಿಸುವರು. ಅಕ್ರಿಲಿಕ್ಕಿಗೂ ತಂತಿಗೂ ಬಾಂಧವ್ಯ ಕೂಡದೆ ಅದೇ ಜಾಗದಲ್ಲಿ ಬಿರುಕು ಹುಟ್ಟುವುದುಂಟು. ಇಂಗಾಲದ ನಾರು ಗಟ್ಟಿ, ಆದರೆ ಕಪ್ಪು. ಕಪ್ಪು ಅಂಗುಳನ್ನು ಯಾರು ಮೆಚ್ಚುವರು! ಗಾಜಿನ ನಾರು ಬಣ್ಣಕ್ಕೂ ಹೊಂದುವುದು, ಸಿಲೇನ್ ಎಂಬ ಲೇಪವನ್ನು ಕೊಟ್ಟರೆ ಅಕ್ರಿಲಿಕ್ಕನ್ನು ಬಿಗಿಯಾಗಿ ಹಿಡಿದುಕೊಳ್ಳುವುದು. ಇದನ್ನು ಅರಿಯಬೇಕಾದರೆ ನಾವು ಮಂಕಿಯವರು ಪ್ರಯೋಗಶಾಲೆಗೆ ಹೋಗಬೇಕಾಗಿಲ್ಲ. ಕಡಲ ದಂಡೆಗೆ ಹೋದರೆ ಸಾಕು. ಅಲ್ಲಿ ಮಳಲಿನ ಮೇಲೆ ಎಳೆದಿಟ್ಟ ಫೈಬರ್ ದೋಣಿಗಳೂ ಗಾಜಿನ ನಾರಿಗೆ ರಾಳ ಕುಡಿಸಿ ಮಾಡಿದವೇ. ಮರದ ದೋಣಿಯನ್ನೂ ಇದನ್ನೂ ಎರಡನ್ನೂ ಬಲ್ಲ ನೆರೆಮನೆಯ ಮೀನುಗಾರರೊಬ್ಬರನ್ನು ಕೇಳಿದೆ. “ಮೇಲಿನ ಹೊಳಪು ಇರುವ ತನಕ ಅದರ ಮೇಲೆ ಮಲಗಿ ನಿದ್ದೆಯನ್ನೂ ಮಾಡಬಹುದು ಅಕ್ಕಾ. ಹೊಳಪು ಸವೆದು ನಾರು ಎದ್ದಿತೋ, ಕೈಯಿಟ್ಟರೂ ತುರಿಕೆ, ಉಪ್ಪುನೀರೂ ಒಳಗೆ ಕುಡಿಯುತ್ತದೆ” ಎಂದರು. ನನಗೆ ಆ ಒಂದು ಮಾತಿನಲ್ಲಿ ಅರ್ಧ ವಿಷಯ ತಿಳಿಯಿತು. ಸಮುದ್ರದ ಗಾಳಿಗೆ ನಮ್ಮ ಊರಿನ ತಾರಸಿಗಳ ಗತಿಯೂ ಇದೇ ಅಲ್ಲವೆ? ಸಿಮೆಂಟಿನ ಹೊದಿಕೆ ತೆಳುವಾದಲ್ಲಿ ಸರಳು ತುಕ್ಕು ಹಿಡಿದು ಉಬ್ಬಿ, ತನ್ನನ್ನು ಹೊತ್ತ ತಾರಸಿಯನ್ನೇ ಒಡೆಯುವುದು. ಒಳಗೆ ಅಡಗಿರುವವರೆಗೆ ಆಧಾರ. ಹೊರಗೆ ತಲೆಹಾಕಿತೋ ಉಪದ್ರವ.

ಇಷ್ಟು ವಸ್ತುವಿನ ಕಥೆ. ಬಾಯಿಯ ಕಡೆಯ ಕಥೆ ಇನ್ನೂ ವಿಚಿತ್ರವಾದುದು. ಬಾಯಿಯೆಂದರೆ ಊರ ಹೆಬ್ಬಾಗಿಲು. ದಿನವೂ ನೂರು ಬಗೆಯ ಪರಕೀಯ ವಸ್ತುಗಳು ಅಲ್ಲಿಂದಲೇ ಒಳಗೆ ಹೋಗತಕ್ಕವು. ಎಲ್ಲಕ್ಕೂ ಜಗಳ ತೆಗೆದರೆ ಬದುಕುವುದೆಂತು? ಆದುದರಿಂದ ಬಾಯಿಯ ಕಾವಲುಗಾರರು ಸಹನಶೀಲರು. ಉಗುಳು ಎಂದು ನಾವು ಹಗುರಾಗಿ ಆಡುವ ದ್ರವದಲ್ಲಿ, ರೋಗಾಣುಗಳು ಅಂಟಿಕೊಳ್ಳದಂತೆ ತಡೆಯುವ ಐಜಿಎ ಎಂಬ ಪ್ರತಿವಸ್ತುವಿದೆ. ಅವುಗಳ ಗೋಡೆಯನ್ನೇ ಒಡೆಯುವ ಲೈಸೊಜೈಮ್ ಇದೆ. ಪೆನಿಸಿಲಿನ್ನಿನಿಂದ ಪ್ರಖ್ಯಾತನಾದ ಅಲೆಕ್ಸಾಂಡರ್ ಫ್ಲೆಮಿಂಗನೇ, ಅದಕ್ಕೆ ಆರು ವರ್ಷ ಮೊದಲು, 1922ರಲ್ಲಿ ಇದನ್ನು ಲೋಕಕ್ಕೆ ತಿಳಿಸಿದನು. ಬೂಷ್ಟನ್ನು ಕೊಲ್ಲುವ ಹಿಸ್ಟಾಟಿನ್ನುಗಳೂ ಅದರಲ್ಲಿಯೇ ಇವೆ. ತೊಗಲಿನ ಪದರದೊಳಗೆ ಲಾಂಗರ್‌ಹಾನ್ಸ್ ಕೋಶಗಳೆಂಬ ಗೂಢಚಾರರು ಕೈಚಾಚಿ ಕುಳಿತಿರುವರು. 1868ರಲ್ಲಿ ಚರ್ಮದಲ್ಲಿ ಅವನ್ನು ಕಂಡ ಪಾಲ್ ಲಾಂಗರ್‌ಹಾನ್ಸನು ಇನ್ನೂ ವಿದ್ಯಾರ್ಥಿ. ಅವು ನರಗಳ ಕೋಶಗಳೆಂದೇ ಅವನು ಭಾವಿಸಿದ್ದನು.

ಈ ಗೂಢಚಾರರ ಕೆಲಸವನ್ನು ತಿಳಿದರೆ ‘ಅಲರ್ಜಿ’ ಎಂಬ ಮಾತಿನ ಅರ್ಥವೂ ತಿಳಿಯುವುದು. ಮೊನೊಮರ್ ಅಥವಾ ನಿಕಲ್ಲಿನಂಥ ಸಣ್ಣ ಕಣವೊಂದು ನಮ್ಮದೇ ದೇಹದ ಸಸಾರಜನಕಕ್ಕೆ ಅಂಟಿಕೊಂಡು ಅದರ ರೂಪವನ್ನು ಕೆಡಿಸುವುದು. ಗೂಢಚಾರನು ಆ ವೇಷಾಂತರವನ್ನು ಹಿಡಿದು, ಹತ್ತಿರದ ಗ್ರಂಥಿಗೆ ಒಯ್ದು, ಅಲ್ಲಿಯ ಟಿ-ಕೋಶಗಳೆಂಬ ಸೈನಿಕರಿಗೆ ತೋರಿಸುವನು. ಮೊದಲ ಸಲ ಹೊರಗೆ ಏನೂ ಕಾಣದು. ಸೈನಿಕರು ಮುಖವನ್ನು ನೆನಪಿಟ್ಟುಕೊಳ್ಳುವರು, ಅಷ್ಟೇ. ಮುಂದೆ ಅದೇ ಕಣ ಬಂದಾಗ ಎರಡು ಮೂರು ದಿನಗಳಲ್ಲಿ ದಾಳಿಯೇಳುವುದು. ಅಕ್ರಿಲಿಕ್ಕಿಗೆ ಇಂಥ ಅಲರ್ಜಿಯು ಹಲ್ಲು ಕಟ್ಟಿಸಿಕೊಂಡವರ ಬಾಯಲ್ಲಿ ವಿರಳ. ಉಗುಳು ಕಣವನ್ನು ತೊಳೆದುಹಾಕುವುದು, ರಕ್ತವು ಬೇಗ ಹೊತ್ತೊಯ್ಯುವುದು. ಅದು ಹೆಚ್ಚಾಗಿ ಕಾಣುವುದು ದಿನವೂ ಆ ಹಿಟ್ಟನ್ನು ಕಲಸುವ ಕೆಲಸಗಾರರ ಬೆರಳುಗಳಲ್ಲಿ. ಸಾಮಾನ್ಯ ರಬ್ಬರಿನ ಕೈಗವಸನ್ನೂ ಮೊನೊಮರ್ ತೂರಿಕೊಂಡು ಹೋಗುವುದು. ನಮ್ಮ ನಗುವಿಗಾಗಿ ಕೈ ಬಿರಿಸಿಕೊಂಡ ಆ ಜನರನ್ನು ನಾವು ನೆನೆಯುವುದಿಲ್ಲ.

ಹಾಗಾದರೆ ಹಲ್ಲಿನ ಕೆಳಗೆ ಕೆಂಪಾಗುವುದು ಸಾಮಾನ್ಯವಾಗಿ ಯಾವುದರಿಂದ? ಬೂಷ್ಟಿನಿಂದ. ಕ್ಯಾಂಡಿಡಾ ಎಂಬ ಸೂಕ್ಷ್ಮ ಬೂಷ್ಟು ಆರೋಗ್ಯವಂತರಲ್ಲಿಯೂ ಅನೇಕರ ಬಾಯಲ್ಲಿ ಬಾಡಿಗೆಗಿರುವುದು. ಉಗುಳಿನ ಕಾವಲಿರುವವರೆಗೆ ಉಪದ್ರವವಿಲ್ಲ. ಮೇಲಿನ ಪಂಕ್ತಿಯು ಅಂಗುಳನ್ನು ಗಾಳಿಯಾಡದಂತೆ ಮುಚ್ಚಿದಾಗ ಅಲ್ಲಿಗೆ ಉಗುಳು ಹರಿಯದು; ಕಾವಲುಗಾರರೇ ಇಲ್ಲದ ಓಣಿಯಾಗುವುದು. ಪಂಕ್ತಿಯ ಮೈ ಒರಟಾಗಿದ್ದರೆ ಬೂಷ್ಟಿಗೆ ಕಾಲೂರಲು ಮೆಟ್ಟಿಲು. ಒಂದು ಮಿಲಿಮೀಟರನ್ನು ಐದು ಸಾವಿರ ಪಾಲು ಮಾಡಿದರೆ ಬರುವ ಒಂದು ಪಾಲಿಗಿಂತ ಹೆಚ್ಚಿನ ಒರಟುತನವಿದ್ದರೆ ಸೂಕ್ಷ್ಮಜೀವಿಗಳ ಶೇಖರಣೆ ಹೆಚ್ಚುವುದೆಂದು ಬಲ್ಲವರು ಹೇಳುವರು. ನಾಲಗೆಗೆ ನುಣುಪೆಂದು ತೋರಿದುದೂ ಅವಕ್ಕೆ ಗುಡ್ಡಬೆಟ್ಟ. ಹೀಗೆ ನೆಲೆನಿಂತ ಬೂಷ್ಟು ದಾರದಂತೆ ಉದ್ದಕ್ಕೆ ಬೆಳೆದು ತೊಗಲಿನೊಳಕ್ಕೆ ಇಳಿಯುವುದು. ಆಗ ಅದು ಕಾರುವ ಕ್ಯಾಂಡಿಡಲೈಸಿನ್ ಎಂಬ ವಿಷವನ್ನು ಕಂಡುಹಿಡಿದುದು 2016ರಷ್ಟು ಈಚೆಗೆ. ಆ ವಿಷವೇ ಕೋಶಗಳಿಗೆ ಅಪಾಯದ ಗಂಟೆಯಾಗುವುದು. ಗಂಟೆ ಕೇಳಿ ರಕ್ತ ನುಗ್ಗಿ ಬಂದು ಅಂಗುಳು ಕೆಂಪಾಗುವುದು. ಆ ಕೆಂಪನ್ನು ನಾವು ರೋಗವೆನ್ನುತ್ತೇವೆ; ವಾಸ್ತವವಾಗಿ ಅದು ಕಾವಲುಗಾರರು ತಡವಾಗಿಯಾದರೂ ಬಂದುದರ ಗುರುತು. ಎಷ್ಟೋ ಜನರಿಗೆ ಇದರಿಂದ ನೋವೂ ಉರಿಯೂ ಇರುವುದೇ ಇಲ್ಲ. ಆದುದರಿಂದ ನೋವಿಲ್ಲವೆಂದು ಸುಮ್ಮನಿರಲಾಗದು.

ಇನ್ನು ಅತ್ತೆಯವರ ವಿಷಯಕ್ಕೆ ಬರುತ್ತೇನೆ. ಅವರನ್ನು ಹೊರಡಿಸುವುದೇ ಒಂದು ಸಾಹಸವಾಯಿತು. ಕೊನೆಗೆ ಮೈದುನನು “ಆಯೀ, ಉಡುಪಿಯ ಕೃಷ್ಣನ ದರ್ಶನವನ್ನೂ ಮಾಡಿಸುತ್ತೇನೆ” ಎಂದ ಮೇಲೆ ಎದ್ದರು. ಮಣಿಪಾಲದಲ್ಲಿ ನೋಡಿದ ವೈದ್ಯೆ ಚಿಕ್ಕ ವಯಸ್ಸಿನವರು. ಬಾಯಿಯನ್ನು ನೋಡುವ ಮೊದಲೇ ಅವರು ಎರಡು ಪ್ರಶ್ನೆ ಕೇಳಿದರು. “ಅಮ್ಮಾ, ರಾತ್ರಿ ಹಲ್ಲು ತೆಗೆದಿಡುತ್ತೀರಾ?” ಅತ್ತೆಯವರು ನನ್ನ ಮುಖವನ್ನು ನೋಡಿದರು. ಮಾವನವರು ಇದ್ದಾಗಿನಿಂದಲೂ ಬೋಳು ಬಾಯಿಯನ್ನು ಯಾರಿಗೂ ತೋರಿಸಿದವರಲ್ಲ. ಹತ್ತು ವರ್ಷಗಳಲ್ಲಿ ಒಂದು ರಾತ್ರಿಯೂ ತೆಗೆದಿಟ್ಟುದಿಲ್ಲ. ಎರಡನೆಯ ಪ್ರಶ್ನೆ ಇನ್ನೂ ವಿಚಿತ್ರ: “ಪೇಟೆಯ ಗಿಲೀಟಿನ ಓಲೆ ಹಾಕಿಕೊಂಡರೆ ಕಿವಿ ಕೆರೆಯುತ್ತದೆಯೇ?” ಅದಕ್ಕೆ ಮಾತ್ರ ಅವರು ಥಟ್ಟನೆ ಉತ್ತರವಿತ್ತರು: “ಹೌದು ತಾಯೀ, ನೀರು ಸುರಿಯುತ್ತದೆ. ಅದಕ್ಕೇ ಚಿನ್ನದ್ದಲ್ಲದೆ ಹಾಕುವುದಿಲ್ಲ.”

ಕೆಂಪು ಅಂಗುಳಿನ ಮೇಲೆ ಪಂಕ್ತಿಯ ಅಚ್ಚೊತ್ತಿದಂತೆ, ಗೆರೆ ಕೊರೆದಂತೆ ಇತ್ತು. ಒರೆಸಿ ತೆಗೆದ ಹತ್ತಿಯಲ್ಲಿ ಬೂಷ್ಟು ಸಿಕ್ಕಿತು. ಪಂಕ್ತಿಯನ್ನು ಭೂತಗನ್ನಡಿಯ ಕೆಳಗೆ ಹಿಡಿದು ವೈದ್ಯೆ ನನಗೆ ತೋರಿಸಿದರು: ಅವಸರದ ರಿಪೇರಿಯ ಗೆರೆಯುದ್ದಕ್ಕೂ, ಅಂಗುಳಿಗೆ ತಗಲುವ ಮೈಯಲ್ಲಿ, ಗಾಜಿನ ನಾರುಗಳು ತೆಂಗಿನ ಚಿಪ್ಪಿನ ಮೇಲಿನ ಜುಂಗಿನಂತೆ ತಲೆಯೆತ್ತಿದ್ದುವು. ಉರಿಗೆ ಆ ಕೂರಲುಗಳ ತಿಕ್ಕಾಟವೂ ಕಾರಣ. ಬೂಷ್ಟಿಗೆ ಅವೇ ಚಪ್ಪರದ ಕಂಬಗಳು. ರಕ್ತದ ಸಕ್ಕರೆಯನ್ನೂ ನೋಡಿಸಿದರು. ಮಧುಮೇಹವಿದ್ದರೆ ಬೂಷ್ಟು ಇಮ್ಮಡಿ ಹಟಮಾರಿ. ದೈವವಶಾತ್ ಅದಿರಲಿಲ್ಲ. ಆಮೇಲೆ ಚರ್ಮವೈದ್ಯರು ಬೆನ್ನಿಗೆ ಸಣ್ಣ ಸಣ್ಣ ಪಟ್ಟಿಗಳಲ್ಲಿ ಬೇರೆ ಬೇರೆ ವಸ್ತುಗಳನ್ನು ಹಚ್ಚಿ, ಎರಡು ದಿನ ಬಿಟ್ಟು ತೆಗೆದು, ಮತ್ತೆ ಎರಡು ದಿನಕ್ಕೆ ನೋಡಿದರು. ಅಕ್ರಿಲಿಕ್ಕಿನ ಪಟ್ಟಿಯ ಕೆಳಗೆ ಬೆನ್ನು ನಿರ್ಮಲವಾಗಿತ್ತು. ನಿಕಲ್ಲಿನ ಕೆಳಗೆ ಮಾತ್ರ ಕಾಸಿನಗಲದ ಕೆಂಪು ಬೊಕ್ಕೆ.

ನಂಟರೆಲ್ಲ ಸಾಧುವೆಂದು ಹೊಗಳಿದ ಲೋಹದ ವಿಷಯದಲ್ಲಿಯೇ ಹೀಗೆ ಎಚ್ಚರ ವಹಿಸಬೇಕಾಗಿ ಬಂದಿತು. ಕೋಬಾಲ್ಟ್ ಮತ್ತು ಕ್ರೋಮಿಯಮ್ ಕೂಡಿದ ಲೋಹದ ತಗಡು ತೆಳುವಾದುದು, ಗಟ್ಟಿಯಾದುದು, ಚಹದ ಬಿಸಿಯನ್ನು ಅಂಗುಳಿಗೆ ಮುಟ್ಟಿಸುವಂಥದು. ಅದರ ಗುಣವನ್ನು ಅಲ್ಲಗಳೆಯುವಂತಿಲ್ಲ. ನಿಕಲ್ ಸೇರದ ಬಗೆಗಳೂ ದೊರೆಯುವುವು. ಆದರೆ ಮಿಶ್ರಲೋಹಗಳಲ್ಲಿ ನಿಕಲ್ ಬೆರೆತಿರುವುದೂ ಉಂಟಾದ ಕಾರಣ, ಇಂಥವರಿಗೆ ಅದನ್ನು ಖಚಿತಪಡಿಸಿಕೊಳ್ಳದೆ ಹಾಕಲಾಗದು. ವೈದ್ಯೆ ಮೊದಲು ಹಳೆಯ ಪಂಕ್ತಿಯನ್ನು ತೆಗೆದಿಡಿಸಿ, ಬಾಯಿಗೆ ಬೂಷ್ಟಿನ ಔಷಧವನ್ನು ಕೊಟ್ಟರು. ಎರಡು ವಾರಗಳಲ್ಲಿ ಅಂಗುಳು ಹಳೆಯ ಗುಲಾಬಿ ಬಣ್ಣಕ್ಕೆ ಬಂದಿತು. ಆಮೇಲೆ ತಗ್ಗಾದ ದವಡೆಗೆ ಸರಿಯಾಗಿ ಹೊಸ ಅಳತೆ ತೆಗೆದು ಹೊಸ ಪಂಕ್ತಿ ಮಾಡಿಸಿದರು: ನಿಧಾನವಾಗಿ ಬೇಯಿಸಿದ ಅಕ್ರಿಲಿಕ್ಕು, ಅದರ ಹೊಟ್ಟೆಯೊಳಗೆ ಎಲ್ಲಿಯೂ ತಲೆಹಾಕದಂತೆ ಹುದುಗಿಸಿದ ಗಾಜಿನ ನಾರಿನ ಬಲೆ! “ಮತ್ತೆ ಗಾಜೇ?” ಎಂದು ಮನೆಯಲ್ಲಿ ಸಣ್ಣ ಗಲಭೆಯಾಗದೆ ಇರಲಿಲ್ಲ.

ಇದಕ್ಕೂ ಹೊಸವಾದ ಉಪಾಯಗಳನ್ನು ಕುರಿತು ಈಗ ಬಹಳ ಕೇಳಿಬರುತ್ತದೆ. ಕಣ್ಣಿಗೆ ಕಾಣದಷ್ಟು ನಯವಾದ ಬೆಳ್ಳಿ, ಜಿರ್ಕೋನಿಯ, ಟೈಟೇನಿಯಮ್ಮಿನ ಪುಡಿಯನ್ನು ಅಕ್ರಿಲಿಕ್ಕಿಗೆ ಬೆರೆಸುವರು. ಬಲವೂ ಹೆಚ್ಚೀತು, ಬೆಳ್ಳಿಯಾದರೆ ಬೂಷ್ಟನ್ನೂ ಕೊಂದೀತು ಎಂದು. ಪ್ರಯೋಗಶಾಲೆಯಲ್ಲಿ ಒಳ್ಳೆಯ ಫಲ ಬಂದುದೂ ನಿಜ. ಆದರೆ ಪುಡಿ ಮಿತಿ ಮೀರಿದರೆ ಗಂಟುಕಟ್ಟಿ ಪಂಕ್ತಿಯನ್ನೇ ದುರ್ಬಲಗೊಳಿಸುವುದು. ಬೂಷ್ಟನ್ನು ಕೊಲ್ಲುವ ಬೆಳ್ಳಿ ಪ್ರಮಾಣ ಹೆಚ್ಚಿದರೆ ನಮ್ಮ ಕೋಶಗಳನ್ನೂ ನೋಯಿಸುವುದು. ಬಟ್ಟಲಿನಲ್ಲಿ ಕೆಲವು ದಿನ ಬೆಳೆದ ಕೋಶಗಳ ಸಾಕ್ಷ್ಯವೇ ಬೇರೆ, ಹತ್ತು ವರ್ಷ ಹುಳಿ ಖಾರ ವೀಳ್ಯಗಳನ್ನು ಉಣ್ಣುವ ಬಾಯಿಯ ಸಾಕ್ಷ್ಯವೇ ಬೇರೆ. ಕಾರ್ಖಾನೆಯಲ್ಲಿಯೇ ಭಾರಿ ಒತ್ತಡದಲ್ಲಿ ಗಟ್ಟಿಗೊಳಿಸಿದ ಅಕ್ರಿಲಿಕ್ ಬಿಲ್ಲೆಯನ್ನು ಯಂತ್ರದಿಂದ ಕಡೆದು ಮಾಡುವ ಪಂಕ್ತಿಗಳಲ್ಲಿ ಮೊನೊಮರ್ ಬಹಳ ಕಡಿಮೆ ಉಳಿಯುವುದೆಂಬುದು ಇವೆಲ್ಲಕ್ಕಿಂತ ನನಗೆ ಹೆಚ್ಚು ಭರವಸೆಯ ಸ೦ಗತಿಯಾಗಿ ತೋರಿತು. ಬೆಲೆ ಮಾತ್ರ ಇನ್ನೂ ನಮ್ಮಂಥವರ ಕೈಗೆ ಎಟುಕುವಂತಿಲ್ಲ.

ಈಗ ನಮ್ಮ ಮನೆಯ ಕ್ರಮವೇನೆಂದರೆ, ಊಟವಾದ ಮೇಲೆ ಪಂಕ್ತಿಯನ್ನು ತೆಗೆದು, ನೀರು ತುಂಬಿದ ಬೋಗುಣಿಯ ಮೇಲೆಯೇ ಹಿಡಿದು, ಮೆತ್ತನೆಯ ಬ್ರಷ್ಷಿನಿಂದ ಸಾಬೂನು ಹಚ್ಚಿ ತಿಕ್ಕುವುದು. ಕೈಜಾರಿದರೂ ನೀರಿಗೆ ಬೀಳುವುದಲ್ಲದೆ ಕಲ್ಲಿಗಲ್ಲ. ಹಲ್ಲುಜ್ಜುವ ಪೇಸ್ಟು ಮೈಯನ್ನು ಒರಟುಮಾಡುವುದರಿಂದ ಅದು ನಿಷಿದ್ಧ. ಕುದಿನೀರು ಆಕಾರ ಕೆಡಿಸುವುದರಿಂದ ಅದೂ ನಿಷಿದ್ಧ. ವಸಡು, ಅಂಗುಳು, ನಾಲಗೆಗಳನ್ನೂ ಒದ್ದೆ ಬಟ್ಟೆಯಿಂದ ಒರೆಸಬೇಕು. ರಾತ್ರಿ ತಣ್ಣೀರಿನ ಪಾತ್ರೆಯಲ್ಲಿ ಹಲ್ಲಿಗೂ ವಿಶ್ರಾಂತಿ, ಬಾಯಿಗೂ ವಿಶ್ರಾಂತಿ. ಈ ಕೊನೆಯದಕ್ಕೆ ಅತ್ತೆಯವರು ಸುಲಭವಾಗಿ ಒಪ್ಪಲಿಲ್ಲ. ಜಪಾನಿನಲ್ಲಿ 85 ದಾಟಿದ 524 ಮಂದಿಯನ್ನು ಮೂರು ವರ್ಷ ಗಮನಿಸಿ 2015ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಹಲ್ಲಿನ ಪಂಕ್ತಿಯನ್ನು ಹಾಕಿಕೊಂಡೇ ಮಲಗುವವರಿಗೆ ನ್ಯುಮೋನಿಯ ತಗಲುವ ಸಂಭವ ಎರಡು ಪಟ್ಟಿಗಿಂತ ಹೆಚ್ಚೆಂದು ಕಂಡುಬಂದುದನ್ನು ಓದಿ ಹೇಳಿದೆ. “ಅವರು 85 ದಾಟಿದವರಲ್ಲವೇನೇ? ನನಗಿನ್ನೂ ಹನ್ನೊಂದು ವರ್ಷ ಇದೆ” ಎಂದರು. ಬಳಿಕ ಅವರ ಕೋಣೆಗೆ ಒಳಗಿನಿಂದ ಒಂದು ಚಿಲಕ ಹಾಕಿಸಿಕೊಟ್ಟೆವು. ಅಂದಿನಿಂದ ತೆಗೆದಿಡುತ್ತಿದ್ದಾರೆ. ಮುಂಜಾನೆ ಚಿಲಕ ತೆಗೆದು ಹೊರಗೆ ಬರುವಾಗ ಬಾಯಿ ತುಂಬ ಹಲ್ಲು.

ಇನ್ನೊಂದು ಮಾತನ್ನು ಎಲೆಯಡಿಕೆಯ ನಾಡಿನವಳಾಗಿ ಹೇಳದೆ ಬಿಡುವಂತಿಲ್ಲ. ಅಡಿಕೆಯು ಬಾಯಿಯ ಅರ್ಬುದಕ್ಕೆ ಕಾರಣವಾಗುವುದೆಂದು ವಿಶ್ವ ಆರೋಗ್ಯ ಸಂಸ್ಥೆಯ ಅರ್ಬುದ ಸಂಶೋಧನ ಮಂಡಲಿಯು 2004ರಲ್ಲಿ ಸಾರಿದೆ. ಹಲ್ಲಿನ ಅಂಚು ತಗಲಿ ಆದ ಹುಣ್ಣೆಂದು ತೋರಿದುದು, ಹಲ್ಲನ್ನು ತೆಗೆದಿಟ್ಟು ಎರಡು ವಾರ ಕಳೆದರೂ ಮಾಯದಿದ್ದರೆ, ಒಗ್ಗಲಿಲ್ಲವೆಂದು ಮನೆಯಲ್ಲಿ ಕುಳಿತಿರದೆ ವೈದ್ಯರಿಗೆ ತೋರಿಸತಕ್ಕದ್ದು. ಬಿಳಿಯ ಅಥವಾ ಕೆಂಪು ಮಚ್ಚೆಗೂ ಇದೇ ಮಾತು.

ಅತ್ತೆಯವರು ಮೂರು ತಿಂಗಳಿಂದ ನಮ್ಮೊಡನೆಯೇ ಊಟಕ್ಕೆ ಕುಳಿತುಕೊಳ್ಳುತ್ತಿದ್ದಾರೆ. ಅಪ್ಪೆಹುಳಿ ಮತ್ತೆ ಅವರ ಬಟ್ಟಲಿಗೆ ಬಂದಿದೆ. ಮುಂದಿನ ಹಲ್ಲಿನಿಂದ ಕಚ್ಚಿ ಮುರಿಯಕೂಡದು, ಕೈಯಲ್ಲಿ ಮುರಿದು ಎರಡು ಪಕ್ಕಕ್ಕೂ ಸಮನಾಗಿ ಅಗಿಯಬೇಕೆಂದು ವೈದ್ಯೆಯ ಆಜ್ಞೆ. ತೊಡದೇವಿಗೆ ಅಪ್ಪಣೆ ಸಿಕ್ಕಿದೆ. ಚೌತಿ ಹತ್ತಿರ ಬಂದಿರುವುದರಿಂದ ಚಕ್ಕುಲಿಯ ವಿಷಯವಾಗಿ ಮನೆಯಲ್ಲಿ ವಾದ ನಡೆಯುತ್ತಿದೆ.